ಊರಿನವರು ಮಾಡಿದ ಗಿಟಾರೋ, ಹೆಸರಾಂತ ತಯಾರಕರದೋ?

ಓದುಗರ ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದವನು. ಕೆಲವು ವರ್ಷಗಳಿಂದ ಕ್ಲಾಸಿಕಲ್ ಗಿಟಾರ್ ನುಡಿಸುತ್ತಿದ್ದೇನೆ. ಒಳ್ಳೆಯ ವಾದ್ಯಕ್ಕೆಂದು ಒಂದು ಲಕ್ಷ ರೂಪಾಯಿ ಕೂಡಿಟ್ಟಿದ್ದೇನೆ. ನಮ್ಮ ಕಡೆಯವರೇ ಒಬ್ಬರು ಬೀಟೆ ಮರದಲ್ಲಿ, ನಾನು ಹೇಳಿದ ಅಳತೆಗೆ ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ. ಗೆಳೆಯರು ಮಾತ್ರ ಇನ್ನೂ ದುಡ್ಡು ಕೂಡಿಸಿ ಸ್ಪೇನ್‌ನ ಹೆಸರಾಂತ ತಯಾರಕರಿಂದಲೇ ತರಿಸಿಕೊ ಎನ್ನುತ್ತಾರೆ. ಅಷ್ಟೊಂದು ವ್ಯತ್ಯಾಸ ನಿಜಕ್ಕೂ ಇದೆಯೇ?

ಉತ್ತರ: ವ್ಯತ್ಯಾಸ ಖಂಡಿತ ಇದೆ. ಅದರ ಬಹುಪಾಲು ಅಡಗಿರುವುದು ಮುಂಬದಿಯ ಹಲಗೆಯಲ್ಲಿ, ಅದರಲ್ಲೂ ನಮಗೆ ಕಾಣದ ಅದರ ಒಳಮೈಯಲ್ಲಿ. ಕ್ಲಾಸಿಕಲ್ ಗಿಟಾರಿನಲ್ಲಿ ಈ ಹಲಗೆಯ ದಪ್ಪ ಸುಮಾರು ಎರಡರಿಂದ ಎರಡೂವರೆ ಮಿಲಿಮೀಟರ್ ಅಷ್ಟೇ. ಆರು ತಂತಿಗಳು ಸೇರಿ ಸುಮಾರು 40 ಕಿಲೋಗ್ರಾಂ ಭಾರದಷ್ಟು ಬಲದಿಂದ ಅದನ್ನು ಹಗಲಿರುಳು ಎಳೆಯುತ್ತಿರುತ್ತವೆ. ಹಲಗೆ ದಪ್ಪವಾದರೆ ನಾದ ಏಳುವುದಿಲ್ಲ. ತೀರಾ ತೆಳುವಾದರೆ ತಂತಿಗಳನ್ನು ಕಟ್ಟುವ ಬ್ರಿಡ್ಜ್‌ನ ಬಳಿ ಉಬ್ಬಿ ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ಒಳಗೆ ಬೀಸಣಿಗೆಯಂತೆ ಅಂಟಿಸಿದ ಸಣ್ಣ ಪಟ್ಟಿಗಳನ್ನು ಉಳಿಯಿಂದ ಸವರುತ್ತ, ಹಲಗೆಯನ್ನು ತಟ್ಟಿ ಕೇಳುತ್ತ, ಕೈಯಲ್ಲಿ ಬಾಗಿಸಿ ನೋಡುತ್ತ, ಎಲ್ಲಿ ಕೈ ತಡೆಯಬೇಕೆಂದು ಅರಿಯುವುದೇ ದೊಡ್ಡ ತಯಾರಕರ ವಿದ್ಯೆ. ಹೆಸರಾಂತ ಗಿಟಾರುಗಳ ನಕ್ಷೆಗಳು ದುಡ್ಡು ಕೊಟ್ಟರೆ ಯಾರಿಗೂ ಸಿಗುತ್ತವೆ. ಆದರೆ ಒಂದೇ ದಿಮ್ಮಿಯಿಂದ ಸೀಳಿದ ಎರಡು ಹಲಗೆಗಳು ಕೂಡ ಒಂದೇ ರೀತಿ ಬಾಗುವುದಿಲ್ಲವಾದ್ದರಿಂದ, ಅಳತೆಯನ್ನು ನಕಲು ಮಾಡಿದ ಮಾತ್ರಕ್ಕೆ ನಾದ ಬರುವುದಿಲ್ಲ.

ಬೀಟೆಯ ಮಾತಿಗೆ ಬರೋಣ. ಮೈಸೂರಿನವರಿಗೆ ಆ ಮರದ ಮೇಲೆ ಅಭಿಮಾನ ಇರುವುದು ಸಹಜ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಭಾರತದ ಬೀಟೆಯ ಕಡೆ ತಿರುಗಿತು. ಅಂದಿನಿಂದ ಜಗತ್ತಿನ ಅಸಂಖ್ಯ ಗಿಟಾರುಗಳ ಬೆನ್ನು ನಮ್ಮ ದಕ್ಷಿಣದ ಕಾಡಿನದು. ಹಾಗೆಂದು ಬೆನ್ನಿಗೆ ಬೀಟೆ ಹಾಕಿದ ಕೂಡಲೇ ನಾದ ಬಂದುಬಿಡುತ್ತದೆ ಎಂದು ನಂಬಬೇಡಿ. ಆಧುನಿಕ ಕ್ಲಾಸಿಕಲ್ ಗಿಟಾರಿಗೆ ರೂಪ ಕೊಟ್ಟ ಸ್ಪೇನ್‌ನ ಅಂತೋನಿಯೊ ದೆ ತೊರೆಸ್ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದಲೇ ಮಾಡಿ, ಮುಂದಿನ ಹಲಗೆಯನ್ನು ಮಾತ್ರ ಒಳ್ಳೆಯ ಮರದಲ್ಲಿ ಮಾಡಿ ತೋರಿಸಿದ. ಆ ವಾದ್ಯ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆನ್ನು ಮತ್ತು ಪಕ್ಕದ ಮರವೊಂದನ್ನು ಬಿಟ್ಟು ಉಳಿದೆಲ್ಲ ಒಂದೇ ಆಗಿದ್ದ ಆರು ಗಿಟಾರುಗಳನ್ನು 52 ವಾದಕರು ಮರ ಕಾಣದಂತೆ ನುಡಿಸಿದರು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರ ಬರಲಿಲ್ಲ. ಅವು ಉಕ್ಕಿನ ತಂತಿಯ ಗಿಟಾರುಗಳು, ನಿಮ್ಮದು ನೈಲಾನ್ ತಂತಿಯದು. ಆದರೂ ನಿಮ್ಮ ತಯಾರಕರನ್ನು ಬೀಟೆಯ ಬಗ್ಗೆ ಕೇಳುವ ಮೊದಲು ಮುಂದಿನ ಹಲಗೆಯ ಬಗ್ಗೆ ಕೇಳಿ: ಸ್ಪ್ರೂಸ್ ಅಥವಾ ಸೀಡರ್ ಎಲ್ಲಿಂದ ತರಿಸಿದರು, ಎಷ್ಟು ವರ್ಷದಿಂದ ಒಣಗುತ್ತಿದೆ, ಎಳೆಗಳು ನೇರವಾಗಿ ನಿಲ್ಲುವಂತೆ ಸೀಳಿದ್ದಾರೆಯೇ. ಗಿಟಾರಿಗೆ ಒಪ್ಪುವ ಈ ಮರಗಳು ಹೆಚ್ಚಾಗಿ ಹೊರದೇಶದಿಂದಲೇ ಬರುತ್ತವೆ. ಆ ಪ್ರಶ್ನೆಗೆ ತಡವರಿಸುವವರು ಬೀಟೆಯನ್ನು ಎಷ್ಟೇ ಹೊಗಳಿದರೂ ನಾನು ಮುಂದುವರಿಯುವುದಿಲ್ಲ. ಬೀಟೆಗೆ ರಸೀದಿಯನ್ನೂ ಕೇಳಿ ಪಡೆಯಿರಿ. ನಮ್ಮ ರಾಜ್ಯದಲ್ಲಿ ಸ್ವಂತ ಜಮೀನಿನ ಬೀಟೆ ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು.

ದೊಡ್ಡ ತಯಾರಕರ ವಿಷಯದಲ್ಲಿ ನಾವು ಮರೆಯುವ ಸಂಗತಿಯೊಂದಿದೆ. 1924ರಲ್ಲಿ ಸ್ಪೇನ್‌ನ ಮಹಾ ಗಿಟಾರ್ ವಾದಕ ಆಂದ್ರೆಸ್ ಸೆಗೋವಿಯಾ ಜರ್ಮನಿಯ ಮ್ಯೂನಿಕ್‌ಗೆ ಹೋದಾಗ ಅಲ್ಲಿನ ಗಿಟಾರ್ ತಯಾರಕ ಹರ್ಮನ್ ಹೌಸರ್ ಅವರ ಕೈಗೆ ತಮ್ಮ ಸ್ಪ್ಯಾನಿಷ್ ಗಿಟಾರನ್ನು ಕೊಟ್ಟು ತೋರಿಸಿದರು. ಹೌಸರ್ ಆಗಲೇ ಪಳಗಿದ ಕೈ. ಆದರೂ ಒಂದರ ಹಿಂದೊಂದು ಗಿಟಾರ್ ಮಾಡಿ ತೋರಿಸುತ್ತಾ ಹೋದರು, ಸೆಗೋವಿಯಾ ನುಡಿಸಿ ನೋಡಿ ಇನ್ನೂ ಇಲ್ಲ ಎನ್ನುತ್ತಾ ಹೋದರು. ಕೊನೆಗೆ ಒಪ್ಪಿಗೆಯಾದದ್ದು 1937ರಲ್ಲಿ. ಆ ಗಿಟಾರನ್ನು ಸೆಗೋವಿಯಾ ಎರಡು ದಶಕಕ್ಕೂ ಹೆಚ್ಚು ಕಾಲ ವೇದಿಕೆಯ ಮೇಲೆ ನುಡಿಸಿದರು, ಈಗ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಹದಿಮೂರು ವರ್ಷ! ಮಾಡುವವರು ಮತ್ತು ನುಡಿಸುವವರು ಪರಸ್ಪರ ಕೇಳಿಸಿಕೊಳ್ಳುತ್ತಾ ಕಳೆದ ಆ ವರ್ಷಗಳಿಂದಲೇ ಆ ಗಿಟಾರ್ ಹುಟ್ಟಿತು. ಇಂದು ದೊಡ್ಡ ಹೆಸರಿಗೆ ನೀವು ಹಲವು ಲಕ್ಷ ಕೊಟ್ಟು, ವರ್ಷಗಟ್ಟಲೆ ಕಾಯುವುದು ಅಂಥ ಅನುಭವದ ಫಲಕ್ಕಾಗಿ. ತಮ್ಮ ಮುಂದಿನ ಗಿಟಾರ್ ಹೇಗೆ ನುಡಿಯುತ್ತದೆ ಎಂದು ಅವರು ಮೊದಲೇ ಹೇಳಬಲ್ಲರು. ಊರಿನ ತಯಾರಕರ ಒಂದು ಗಿಟಾರ್ ಅದ್ಭುತವಾಗಿ ಬಂದು, ಮರುವರ್ಷದ್ದು ಮಂಕಾಗಿರಬಹುದು. ಬೆಲೆಯ ಅಂತರ ಹೆಚ್ಚಾಗಿ ಇದರದ್ದೇ.

ಆದರೆ ಮಾಡುವವರೊಂದಿಗಿನ ಆ ಮಾತುಕತೆ ನಿಮಗೆ ಸಿಗುವುದು ಊರಿನಲ್ಲೇ. ಮೈಸೂರಿನ ವೈಣಿಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಮೇಣ ಸಡಿಲಿದಾಗ ಮೇಳ ಕಟ್ಟುವವರ, ಅಂದರೆ ಮೆಟ್ಟಿಲುಗಳನ್ನು ಮತ್ತೆ ಕೂರಿಸುವವರ, ಬಳಿ ಹೋಗಿ, ಪಕ್ಕದಲ್ಲೇ ಕೂತು, ಕಿವಿಗೆ ಒಪ್ಪುವವರೆಗೆ ಸರಿಮಾಡಿಸಿಕೊಂಡು ಬರುತ್ತಾರೆ.

ಗಿಟಾರಿನಲ್ಲಿ ಆ ಸಲುಗೆ ಇಲ್ಲ. ಕೊರಳಿನ ಮೇಲಿನ ಲೋಹದ ಮೆಟ್ಟಿಲುಗಳಾದ ಫ್ರೆಟ್‌ಗಳಿಗೆ ಗರಗಸದಿಂದ ಗೀರು ಹಾಕಿದ ಮೇಲೆ ಮುಗಿಯಿತು. ನಾನು ಕಂಡಂತೆ ಹೊಸ ತಯಾರಕರು ಎಡವುವುದು ನಾದದಲ್ಲಿ ಅಷ್ಟಾಗಿ ಅಲ್ಲ, ಶ್ರುತಿಯಲ್ಲಿ. 650 ಮಿಲಿಮೀಟರ್ ತಂತಿಯ ಗಿಟಾರಿನಲ್ಲಿ ಮೊದಲ ಫ್ರೆಟ್ ನಟ್‌ನಿಂದ (ಕೊರಳಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸುಮಾರು 36.5 ಮಿಲಿಮೀಟರ್ ದೂರದಲ್ಲೂ, 12ನೆಯದು ಸರಿಯಾಗಿ 325ರಲ್ಲೂ ಇರಬೇಕು. ಅಲ್ಲಿಂದ ಸ್ಯಾಡಲ್‌ವರೆಗೆ (ಬ್ರಿಡ್ಜ್‌ನ ಮೇಲೆ ತಂತಿ ಕೂರುವ ಪಟ್ಟಿ) 325ಕ್ಕಿಂತ ಒಂದೆರಡು ಮಿಲಿಮೀಟರ್ ಹೆಚ್ಚೇ ಇರಬೇಕು, ಏಕೆಂದರೆ ತಂತಿಯನ್ನು ಒತ್ತಿದಾಗ ಅದು ಬಿಗಿದು ಸ್ವರ ತುಸು ಏರುತ್ತದೆ. 12ನೇ ಫ್ರೆಟ್‌ನ ಮೇಲೆ ತಂತಿಯನ್ನು ಹಗುರಾಗಿ ಮುಟ್ಟಿ ಮೀಟಿ, ಬಳಿಕ ಅಲ್ಲೇ ಒತ್ತಿ ಮೀಟಿ. ಎರಡೂ ಸ್ವರ ಒಂದೇ ಆಗಿರಬೇಕು. ಆರು ತಂತಿಗಳಲ್ಲೂ ನೋಡಿ.

ಈ ಪರೀಕ್ಷೆಯನ್ನು ಅವರ ಬಳಿ ಇರುವ ಹೊಸ ಗಿಟಾರಿನ ಮೇಲೆ ಮಾಡಿದರೆ ಸಾಲದು. ಅವರಿಂದ ಮೂರು ವರ್ಷದ ಹಿಂದೆ ಕೊಂಡವರನ್ನು ಹುಡುಕಿ, ಆ ವಾದ್ಯವನ್ನು ನುಡಿಸಿ ನೋಡಿ. ನನ್ನ ಉತ್ತರದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಮೂರು ಬೇಸಿಗೆ, ಮೂರು ಮಳೆಗಾಲ ದಾಟಿದ ಗಿಟಾರ್ ಸುಳ್ಳು ಹೇಳುವುದಿಲ್ಲ. ಮಾರ್ಚ್-ಏಪ್ರಿಲ್‌ನ ಒಣಹವೆಗೆ ನಮ್ಮೂರಿನಲ್ಲಿ ಮರ ಕುಗ್ಗುತ್ತದೆ, ಫ್ರೆಟ್‌ನ ತುದಿಗಳು ಹೊರಚಾಚಿ ಅಂಗೈಗೆ ತರಚುತ್ತವೆ, ಬೆನ್ನಿನ ಹಲಗೆ ಸೀಳುವುದೂ ಉಂಟು. ಮುಂಗಾರು ಹಿಡಿದಾಗ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ. ಜುಲೈನ ತೇವದಲ್ಲಿ ಪಟ್ಟಿಗಳನ್ನು ಅಂಟಿಸಿದ ಪೆಟ್ಟಿಗೆ ಮುಂದಿನ ಬೇಸಿಗೆಯಲ್ಲಿ ಬಿರುಕು ಬಿಡುವ ಅಪಾಯ ಹೆಚ್ಚು. ಕಾರ್ಯಾಗಾರದಲ್ಲಿ ತೇವಾಂಶ ಅಳೆಯುವ ಮಾಪಕ ಇದೆಯೇ, ಮಳೆಗಾಲದಲ್ಲಿ ಅಂಟಿಸುವ ಕೆಲಸಕ್ಕೆ ಏನು ವ್ಯವಸ್ಥೆ ಮಾಡಿಕೊಂಡಿದ್ದಾರೆ ಎಂದು ಕೇಳಿ. 50 ಶೇಕಡಾದ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತೇವೆ ಎಂದು ಥಟ್ಟನೆ ಹೇಳುವವರು ಕೆಲಸ ಬಲ್ಲವರು. ಯುರೋಪಿನಿಂದ ಬಂದ ದುಬಾರಿ ವಾದ್ಯವೂ ಇದೇ ಹವೆಯಲ್ಲಿ ಬಾಳಬೇಕು, ಅದು ಸೀಳಿದಾಗ ಮಾಡಿದವರು ಸಾವಿರಾರು ಮೈಲಿ ದೂರದಲ್ಲಿರುತ್ತಾರೆ.

ಆದ್ದರಿಂದ ನಿಮ್ಮ ಒಂದು ಲಕ್ಷಕ್ಕೆ ನನ್ನ ತೀರ್ಪು ಸ್ಪಷ್ಟ. ಆ ಹಳೆಯ ಗಿಟಾರ್ ಪರೀಕ್ಷೆಯಲ್ಲಿ ಗೆದ್ದರೆ ಊರಿನವರಲ್ಲೇ ಮಾಡಿಸಿ. ಸೋತರೆ, ದೊಡ್ಡ ಹೆಸರಿಗಾಗಿ ಕಾಯುವ ಬದಲು ಒಳ್ಳೆಯ ಕಂಪನಿಯ ವಾದ್ಯವನ್ನು ಅಂಗಡಿಯಲ್ಲೇ ನುಡಿಸಿ ನೋಡಿ ಕೊಳ್ಳಿ. ದೇಶ ಸುತ್ತಿ ಕಛೇರಿ ಕೊಡುವ ಹಂತಕ್ಕೆ ಬಂದವರು ಮಹಾ ತಯಾರಕರ ಸಾಲಿನಲ್ಲಿ ನಿಲ್ಲಲಿ, ಅವರಿಗೆ ಆ ಖಚಿತತೆ ಬೇಕೇ ಬೇಕು.

ಮಾಡಿಸುವಾಗ ಅಲಂಕಾರ ಎಲ್ಲಿರಬೇಕು ಎಂಬುದಕ್ಕೆ ಮಿತಿ ಇರಲಿ. ಮೈಸೂರಿನ ಬೀಟೆ ಮರದ ಇನ್ಲೇ (ಮರದಲ್ಲಿ ಕೆತ್ತಿ ಕೂರಿಸುವ ಚಿತ್ತಾರ) ಕೆಲಸಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೇ ಇದೆ, ಅದು ನಮ್ಮ ಹೆಮ್ಮೆ. ಗಿಟಾರಿನ ತಲೆಯ ಮೇಲೆ, ನಾದರಂಧ್ರದ ಸುತ್ತ ಅದನ್ನು ಧಾರಾಳವಾಗಿ ಮಾಡಿಸಿ, ಮುಂಬದಿಯ ಹಲಗೆಯ ಉಳಿದ ಭಾಗವನ್ನು ಮಾತ್ರ ಬಿಟ್ಟುಬಿಡಿ. ಮುಂಗಡ ಕೊಡುವ ಮೊದಲು ಕಾಗದದಲ್ಲಿ ಬರೆಸಿಕೊಳ್ಳಿ: ತಂತಿಯ ಉದ್ದ 650 ಮಿಲಿಮೀಟರ್, ನಟ್‌ನ ಅಗಲ 52, 12ನೇ ಫ್ರೆಟ್‌ನ ಮೇಲೆ ತಂತಿಯ ಎತ್ತರ ಮೊದಲನೆಯದಕ್ಕೆ ಸುಮಾರು 3, ಆರನೆಯದಕ್ಕೆ ಸುಮಾರು 4. ಮೊದಲ ಬೇಸಿಗೆ ಮತ್ತು ಮೊದಲ ಮಳೆಗಾಲ ಕಳೆದ ಮೇಲೆ ಒಂದೊಂದು ಸಲ ಹಣ ಪಡೆಯದೆ ಸರಿಮಾಡಿಕೊಡಬೇಕು ಎಂಬ ಸಾಲನ್ನೂ ಸೇರಿಸಿ. ಕೂಡಿಟ್ಟ ಹಣದಲ್ಲಿ ಗಟ್ಟಿ ಪೆಟ್ಟಿಗೆಗೂ ಅದರೊಳಗಿಡುವ ತೇವಮಾಪಕಕ್ಕೂ ಬೇಕಾದಷ್ಟನ್ನು ಮೊದಲೇ ತೆಗೆದಿರಿಸಿ, ಉಳಿದದ್ದರ ಮೇಲೆ ಚೌಕಾಸಿ ಮಾಡಿ.