ಮುಕ್ಕಾಲು ಇಂಚಿನ ಲೆಕ್ಕ

ಡಿಸೈನ್ ಸ್ಟುಡಿಯೋ ಪರಿಸರಸ್ನೇಹಿ ಆಗಬೇಕು ಅಂತ ಯಾರಾದರೂ ಮಾತೆತ್ತಿದರೆ ಮೊದಲು ಬರುವುದು ಬಿದಿರಿನ ಪೆನ್ ಸ್ಟ್ಯಾಂಡ್. ಆಮೇಲೆ ಕಿಟಕಿ ಪಕ್ಕ ಒಂದು ಮನಿ ಪ್ಲಾಂಟ್. ನಮ್ಮಲ್ಲೂ ಎರಡೂ ಇವೆ. ನೋಡೋಕೆ ಚೆನ್ನಾಗಿವೆ, ಅಷ್ಟೇ.

ಅಸಲಿ ಲೆಕ್ಕ ನನಗೆ ಗೊತ್ತಾಗಿದ್ದು ಪ್ರೆಸ್ಸಿನ ಕಟಿಂಗ್ ಮಷೀನ್ ಪಕ್ಕದಲ್ಲಿ. 8 ಇಂಚು ಚೌಕದ ಆಮಂತ್ರಣ ಕಾರ್ಡ್ ಮಾಡಿದ್ದೆ, 3000 ಪ್ರತಿ. ಸ್ಕ್ರೀನಿನಲ್ಲಿ ಬಹಳ ಚೆಂದ ಕಾಣುತ್ತಿತ್ತು. ಬ್ಲೇಡ್ ಇಳಿದಾಗ ನೋಡಿದರೆ, ಪ್ರತಿ ಹಾಳೆಯಿಂದಲೂ ಆರು ಇಂಚಿಗಿಂತ ಅಗಲದ ಬಿಳಿ ಪಟ್ಟಿ ಕಳಚಿ ರದ್ದಿಗೆ ಬೀಳುತ್ತಿದೆ. “ಏಳೂಕಾಲು ಇಂಚು ಮಾಡಿದ್ರೆ ಒಂದು ಹಾಳೆಗೆ ಆರು ಕಾರ್ಡು ಕೂರ್ತಿತ್ತಲ್ಲ ಸಾರ್” ಎಂದರು ಕಟಿಂಗ್ ಮಾಡುವವರು.

ಹಾಳೆಯ ಅಳತೆ 18x23 ಇಂಚು. ಬಣ್ಣ ಅಂಚಿನವರೆಗೂ ಬರಬೇಕಾದರೆ ಬ್ಲೀಡ್ ಬಿಡಬೇಕು, ಅಂದರೆ ಕತ್ತರಿಸುವ ಗೆರೆಯಾಚೆಗೂ ಸ್ವಲ್ಪ ಬಣ್ಣ ಚಾಚಿರಬೇಕು, ಹಾಗಾಗಿ ನನ್ನ ಕಾರ್ಡಿಗೆ ಎಂಟೂಕಾಲು ಇಂಚು ಜಾಗ ಬೇಕು. ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು, ಒಟ್ಟು ನಾಲ್ಕೇ. ಕಾರ್ಡನ್ನು ಮುಕ್ಕಾಲು ಇಂಚು ಇಳಿಸಿದರೆ ಏಳೂವರೆ ಇಂಚು ಸಾಕು. 23 ಇಂಚಿನಲ್ಲಿ ಮೂರು, 18ರಲ್ಲಿ ಎರಡು, ಒಟ್ಟು ಆರು. ಮಷೀನು ಹಾಳೆ ಹಿಡಿಯೋಕೆ ಬೇಕಾದ ಗ್ರಿಪ್ಪರ್ ಜಾಗವೂ ಉಳಿಯುತ್ತದೆ. ಅಂದರೆ 750 ಹಾಳೆಯ ಕೆಲಸ 500ರಲ್ಲಿ ಮುಗಿಯುತ್ತಿತ್ತು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಕಾಗದದಲ್ಲಿ ಆ 250 ಹಾಳೆ ತೂಗುವುದು ಸುಮಾರು 20 ಕೆಜಿ. ಮೌಸ್ ಒಂದಿಷ್ಟು ಸರಿಸದೇ ಇದ್ದಿದ್ದಕ್ಕೆ!

ಹಳೇ ಪ್ರಕಾಶಕರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ‘ಡೆಮಿ 1/8’ ಅಂತ ನೋಡಿರುತ್ತೀರಿ ಅಲ್ವಾ? ಡೆಮಿ ಅಂದರೆ ಸುಮಾರು ಇದೇ ಅಳತೆಯ ಹಾಳೆ. ಅದನ್ನು ಮೂರು ಸಲ ಮಡಚಿದರೆ ಎಂಟು ಎಲೆ. ಅಂಚು ಸವರಿದರೆ ಐದೂವರೆ, ಎಂಟೂವರೆ ಇಂಚಿನ ಪುಸ್ತಕ. ರದ್ದಿಗೆ ಹೋಗುವುದು ಅಂಚಿನ ಸಣ್ಣ ಪಟ್ಟಿ ಮಾತ್ರ. ಹಾಳೆ ನೋಡಿ ಪುಸ್ತಕದ ಅಳತೆ ಹುಟ್ಟಿತ್ತು. ನಾವು ಅದನ್ನು ಉಲ್ಟಾ ಮಾಡಿಬಿಟ್ಟೆವು: ಮೊದಲು ಅಳತೆ, ಆಮೇಲೆ ಹಾಳೆ.

ಇನ್ನು ಲ್ಯಾಮಿನೇಷನ್. ಮ್ಯಾಟ್ ಲ್ಯಾಮಿನೇಷನ್ ಮುಟ್ಟಿದರೆ ಹಿತ, ನನಗೂ ಆಸೆಯೇ. ಆದರೆ ಅದು ಕಾಗದಕ್ಕೆ ಅಂಟಿಸಿದ ತೆಳು ಪ್ಲಾಸ್ಟಿಕ್. ಹಳೇ ಕಾಗದವನ್ನು ನೀರಲ್ಲಿ ನೆನೆಸಿ, ಕಡೆದು, ತಿರುಳು ಮಾಡಿದರೆ ತಾನೇ ಹೊಸ ಕಾಗದ? ಪ್ಲಾಸ್ಟಿಕ್ ಕವಚ ಇದ್ದರೆ ನೀರು ನಾರಿನೊಳಗೆ ಸುಲಭಕ್ಕೆ ಇಳಿಯುವುದಿಲ್ಲ. ಮೇಲೊಂದು ಲೇಪ ಬೇಕೇ ಬೇಕೆಂದರೆ ನೀರು ಆಧಾರಿತ ವಾರ್ನಿಷ್ ಇದೆ. ಮಡಿಕೆ ಬೀಳುವ ಕಡೆ ಅಷ್ಟು ಗಟ್ಟಿ ಅಲ್ಲ, ಒಪ್ಪುತ್ತೇನೆ.

ಪರದೆಯ ಹಿನ್ನೆಲೆ ಕಪ್ಪಾಗಿಸುವ ಡಾರ್ಕ್ ಮೋಡ್‌ನಿಂದ ಕರೆಂಟ್ ಉಳಿಯುತ್ತದೆ ಅಂತಾರೆ. ಒಎಲ್‌ಇಡಿ ಪರದೆಯಲ್ಲಾದರೆ ನಿಜ, ಅಲ್ಲಿ ಕಪ್ಪು ಚುಕ್ಕೆ ಅಂದರೆ ಆರಿದ ದೀಪ. ನಮ್ಮ ಎಲ್‌ಸಿಡಿ ಮಾನಿಟರುಗಳಲ್ಲಿ ಪರದೆಯ ಹಿಂಬದಿಯ ದೀಪ ಉರಿಯುತ್ತಲೇ ಇರುತ್ತದೆ. ಸುಮ್ನೆ ಬ್ರೈಟ್‌ನೆಸ್ ಇಳಿಸಿದರೆ ಲಾಭ ಜಾಸ್ತಿ. ಎಸಿ ಅಂತೂ ಒಂದು ಡಿಗ್ರಿ ಏರಿಸಿದರೆ ಸುಮಾರು 6% ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ.

ಈಗ ಹೊಸ ಫೈಲ್ ತೆರೆಯುವ ಮೊದಲು ಪ್ರೆಸ್ಸಿಗೆ ಫೋನ್ ಮಾಡಿ ಹಾಳೆಯ ಅಳತೆ ಕೇಳುತ್ತೇನೆ. ಮರುವರ್ಷ ಅದೇ ಕಾರ್ಡು ಏಳೂಕಾಲು ಇಂಚಿನಲ್ಲಿ ಹೋಯಿತು. ಚಿಕ್ಕದಾಯಿತು ಅಂತ ಯಾರೂ ಕೇಳಲಿಲ್ಲ.