ಟೋನರ್ ಬರುವ ಮೊದಲೇ ಮೂಡುವ ಚಿತ್ರ

ನಾನು ಪ್ರಿಂಟರ್ ರಿಪೇರಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಕ್ಷೆ ಬರೆಯುವ ಒಂದು ಕಚೇರಿಯಿಂದ ನನ್ನ ಮೇಜಿಗೆ ಒಂದು ಹಾಳೆ ಬಂತು. ಗೆರೆಗಳೆಲ್ಲ ಚೂಪಾಗಿದ್ದವು, ಅಕ್ಷರಗಳು ಕಡುಗಪ್ಪಾಗಿದ್ದವು. ಆದರೆ ಪೂರ್ತಿ ಕಪ್ಪು ತುಂಬಬೇಕಿದ್ದ ದೊಡ್ಡ ಚೌಕಗಳು ಅಂಚಿನಲ್ಲಿ ಮಾತ್ರ ಕಪ್ಪಾಗಿ, ನಡುವೆ ಬೂದು ಬಣ್ಣಕ್ಕೆ ತಿರುಗಿದ್ದವು. ಅಲ್ಲಿನವರು ಅಷ್ಟರಲ್ಲಿ ಮೂರು ಸಲ ಟೋನರ್, ಅಂದರೆ ಕಪ್ಪು ಮೂಡಿಸುವ ಪುಡಿ, ಬದಲಿಸಿದ್ದರು. ಟೋನರ್‌ನಲ್ಲಿ ಏನೂ ತಪ್ಪಿರಲಿಲ್ಲ. ಅವರು ನೋಡಬೇಕಾದ ಚಿತ್ರ ಟೋನರ್‌ಗಿಂತ ಮೊದಲೇ ಇತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೆ.

ಸ್ಥಿರ ವಿದ್ಯುತ್ತಿನಿಂದ ಚಿತ್ರ ಮೂಡಿಸುವ ಯಾವ ವಿಧಾನದಲ್ಲೂ ಮೊದಲು ಬೀಳುವುದು ಶಾಯಿಯಲ್ಲ, ವಿದ್ಯುತ್ ಚಾರ್ಜ್. ಕಪ್ಪು ಪುಡಿ ಆಮೇಲೆ ಬಂದು, ಚಾರ್ಜ್ ಎಲ್ಲಿಗೆ ಕರೆಯುತ್ತದೋ ಅಲ್ಲಿ ಕೂರುತ್ತದೆ. ನೀವು ನಿತ್ಯ ನೋಡುವ ಲೇಸರ್ ಪ್ರಿಂಟ್ ಕೂಡ ಹೀಗೆಯೇ ಹುಟ್ಟುತ್ತದೆ. ಹಾಳೆಯ ಮೇಲೆ ಕಾಣುವ ಎಷ್ಟೋ ದೋಷಗಳ ಬೇರು ಆ ಕಾಣದ ಚಿತ್ರದಲ್ಲಿರುತ್ತದೆ. ಅದನ್ನು ಅರ್ಥ ಮಾಡಿಕೊಂಡರೆ ಅರ್ಧ ರಿಪೇರಿ ಆದ ಹಾಗೇ.

ಸರಳವಾದ ವಿಧಾನದಿಂದ ಶುರು ಮಾಡೋಣ. ದೊಡ್ಡ ನಕ್ಷೆಗಳನ್ನು ಮುದ್ರಿಸುವ ಹಳೆಯ ಪ್ಲಾಟರ್ ಯಂತ್ರಗಳಲ್ಲಿ ವಿಶೇಷ ಕಾಗದವೊಂದನ್ನು ಬಳಸುತ್ತಿದ್ದರು. ಅದರ ಮೈಗೆ ಉಪ್ಪಿನಂಥ ಪದಾರ್ಥ ಸೇರಿಸಿ, ಸ್ವಲ್ಪ ವಿದ್ಯುತ್ ಹರಿಯುವಂತೆ ಮಾಡಿರುತ್ತಾರೆ. ಮೇಲೆ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪದ ಲೇಪ. ಆ ಲೇಪದಲ್ಲಿ ವಿದ್ಯುತ್ ಹರಿಯುವುದಿಲ್ಲ. ಕಾಗದಕ್ಕೆ ಅಡ್ಡಲಾಗಿ ಇಂಚಿಗೆ 200 ಅಥವಾ 400ರಂತೆ ಸಾಲಾಗಿ ಲೋಹದ ಸೂಜಿಗಳು. ಕಪ್ಪು ಬೇಕಾದ ಕಡೆ ಸೂಜಿಗೆ ಕೆಲವು ನೂರು ವೋಲ್ಟ್ ಕೊಟ್ಟರೆ, ಸೂಜಿಗೂ ಲೇಪಕ್ಕೂ ನಡುವಿನ ಗಾಳಿ ‘ಒಡೆದು’, ಅಂದರೆ ಅದರಲ್ಲೂ ವಿದ್ಯುತ್ ಹರಿದು, ಚಾರ್ಜ್ ಲೇಪದ ಮೇಲೆ ಕೂರುತ್ತದೆ. ಆಮೇಲೆ ಕಾಗದ ದ್ರವ ಟೋನರ್ (ಪುಡಿ ಬೆರೆತ ದ್ರವ) ಮೇಲೆ ಹಾದುಹೋದಾಗ ಚುಕ್ಕೆ ಕಪ್ಪಾಗಿ ಕಾಣುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಜಾಣತನ ಇದೆ. ಗಾಳಿ ಒಡೆಯಲು ಕನಿಷ್ಠ ಸುಮಾರು 330 ವೋಲ್ಟ್ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಗಾಳಿ ಒಡೆಯುವುದಿಲ್ಲ. ಹಾಗಾಗಿ ಬೇಕಾದ ವೋಲ್ಟೇಜನ್ನು ಎರಡು ಪಾಲು ಮಾಡಿದರು. ಅರ್ಧ ಸೂಜಿಗೆ, ಇನ್ನರ್ಧ ವಿರುದ್ಧ ಚಿಹ್ನೆಯಲ್ಲಿ ಕಾಗದದ ಕಡೆಗೆ. ಒಂದೊಂದೇ ಬಂದರೆ ಏನೂ ಆಗುವುದಿಲ್ಲ. ಎರಡೂ ಒಂದೇ ಹೊತ್ತಿಗೆ ಸೇರಿದ ಜಾಗದಲ್ಲಿ ಮಾತ್ರ ಚಾರ್ಜ್ ಬೀಳುತ್ತದೆ. ಹೀಗೆ ಸಾವಿರಾರು ಸೂಜಿಗಳನ್ನು ಕಡಿಮೆ ಸ್ವಿಚ್‌ಗಳಲ್ಲಿ ನಡೆಸಬಹುದು.

ಈ ಕಾಗದಕ್ಕೆ ಹವೆಯದೇ ಚಿಂತೆ. ಹವೆ ತೀರ ಒಣಗಿದ್ದರೆ ಕಾಗದದ ಮೈಯಲ್ಲಿ ವಿದ್ಯುತ್ ಹರಿಯದೆ ಗೆರೆಗಳು ತೆಳುವಾಗಿ, ತುಂಡು ತುಂಡಾಗಿ ಬರುತ್ತವೆ. ತೇವ ಜಾಸ್ತಿಯಾದರೆ ಲೇಪದ ಮೇಲಿನ ಚಾರ್ಜ್ ಸೋರಿಹೋಗಿ ಗೆರೆ ಮಸುಕಾಗುತ್ತದೆ.

ಎರಡನೆಯ ದಾರಿಯಲ್ಲಿ ಬೆಳಕೇ ಸೂಜಿ. ಕೆಲವು ಪದಾರ್ಥಗಳು ಕತ್ತಲಲ್ಲಿ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತವೆ, ಬೆಳಕು ಬಿದ್ದ ಕಡೆ ಬಿಟ್ಟುಬಿಡುತ್ತವೆ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕ್‌ನ ಅಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ಮತ್ತು ಅವರ ಸಹಾಯಕ ಒಟ್ಟೊ ಕೊರ್ನೈ ಮಾಡಿ ನೋಡಿದ್ದು ಇದನ್ನೇ. ಸತುವಿನ ತಟ್ಟೆಗೆ ಗಂಧಕ ಬಳಿದರು. ಬಟ್ಟೆಯಿಂದ ಉಜ್ಜಿ ಚಾರ್ಜ್ ಮಾಡಿದರು. ಗಾಜಿನ ಮೇಲೆ ಆ ದಿನದ ತಾರೀಕನ್ನೂ ಊರಿನ ಹೆಸರನ್ನೂ ಬರೆದು, ತಟ್ಟೆಯ ಮೇಲಿಟ್ಟು, ಪ್ರಖರ ದೀಪದ ಬೆಳಕು ಬಿಟ್ಟರು. ಗಾಜು ತೆಗೆದು ಲೈಕೊಪೋಡಿಯಂ ಎಂಬ ನುಣ್ಣನೆಯ ಸಸ್ಯದ ಪುಡಿ ಉದುರಿಸಿ ಊದಿದಾಗ ಅಕ್ಷರಗಳು ಉಳಿದವು. ಆ ಪುಡಿಯನ್ನು ಮೇಣದ ಕಾಗದಕ್ಕೆ ಒತ್ತಿ ತೆಗೆದರು. ಚಾರ್ಜ್ ಮಾಡು, ಬೆಳಕು ಬಿಡು, ಪುಡಿ ಹಾಕು, ಕಾಗದಕ್ಕೆ ಇಳಿಸು, ಅಂಟಿಸು: ಇವತ್ತಿನ ಯಂತ್ರವೂ ಇದೇ ಸರದಿಯಲ್ಲಿ ಕೆಲಸ ಮಾಡುತ್ತದೆ. ಗಂಧಕದ ಜಾಗಕ್ಕೆ ಸೆಲೆನಿಯಂ ಬಂತು. ಸತುವಿನ ಆಕ್ಸೈಡ್ ಬಳಿದ ಕಾಗದವೂ ಬಂತು. ಈಗಿನ ಯಂತ್ರಗಳಲ್ಲಿ ಚಿತ್ರ ಮೂಡುವ, ಸುತ್ತುವ ಉರುಳೆಗೆ ಡ್ರಮ್ ಎನ್ನುತ್ತಾರೆ; ಹೆಚ್ಚಿನ ಡ್ರಮ್‌ಗಳ ಮೇಲೆ ಇರುವುದು ಕೆಲವು ಹತ್ತು ಮೈಕ್ರಾನ್ ದಪ್ಪದ ಸಾವಯವ ಲೇಪ.

ಈಗ ಆ ಬೂದು ಚೌಕಗಳಿಗೆ ಬರುತ್ತೇನೆ. ಹೊಸದಾಗಿ ಕಲಿಯುವವರೆಲ್ಲ ಇಲ್ಲೇ ಎಡವುತ್ತಾರೆ. ಪುಡಿಯನ್ನು ಎಳೆಯುವುದು ಚಾರ್ಜ್ ತಾನೇ, ಚೌಕದ ತುಂಬ ಒಂದೇ ಸಮ ಚಾರ್ಜ್ ಇದ್ದರೆ ಪುಡಿಯೂ ಒಂದೇ ಸಮ ಕೂರಬೇಕಲ್ವಾ? ಕೂರುವುದಿಲ್ಲ. ಪುಡಿಯನ್ನು ಎಳೆಯುವುದು ಲೇಪದ ಹೊರಗೆ, ಗಾಳಿಯಲ್ಲಿ ಇರುವ ವಿದ್ಯುತ್ ಕ್ಷೇತ್ರ, ಅಂದರೆ ಚಾರ್ಜ್‌ನ ಸೆಳೆತ ಹರಡಿರುವ ಜಾಗ. ಲೇಪದ ಕೆಳಗೆ ಕೆಲವೇ ಮೈಕ್ರಾನ್ ದೂರದಲ್ಲಿ ವಿದ್ಯುತ್ ಹರಿಯುವ ತಳ ಇದೆ. ದೊಡ್ಡ ಚೌಕದ ನಡುವಿನ ಚಾರ್ಜ್‌ನ ಕ್ಷೇತ್ರವೆಲ್ಲ ಆ ತಳದ ಕಡೆಗೇ ಮುಖ ಮಾಡುತ್ತದೆ. ಮೇಲೆ, ಪುಡಿ ಇರುವ ಕಡೆಗೆ, ಬಹುತೇಕ ಏನೂ ಬರುವುದಿಲ್ಲ. ಅಂಚಿನಲ್ಲಿ ಮಾತ್ರ ಚಾರ್ಜ್ ಇರುವ ಜಾಗಕ್ಕೂ ಇಲ್ಲದ ಜಾಗಕ್ಕೂ ನಡುವೆ ಕ್ಷೇತ್ರ ಗಾಳಿಯಲ್ಲಿ ಬಾಗಿ ಹೋಗುತ್ತದೆ. ಅಲ್ಲೇ ಪುಡಿ ಜಮಾಯಿಸುತ್ತದೆ. ತೆಳು ಗೆರೆಗೆ ಇದು ತೊಂದರೆ ಕೊಡುವುದಿಲ್ಲ, ಏಕೆಂದರೆ ಗೆರೆಯ ಎರಡು ಅಂಚೂ ಹತ್ತಿರದಲ್ಲೇ ಇರುತ್ತವೆ.

ಇದಕ್ಕೆ ಮದ್ದು ಏನು? ಚಾರ್ಜ್ ಆದ ಮೇಲ್ಮೈಗೆ ತೀರ ಹತ್ತಿರ ಒಂದು ಲೋಹದ ಮೈ ತಂದಿಡುವುದು. ಆಗ ಚೌಕದ ನಡುವಿನ ಕ್ಷೇತ್ರಕ್ಕೂ ಹೊರಗೆ ಹೋಗಲು ಒಂದು ಗುರಿ ಸಿಗುತ್ತದೆ. ನಡುವಿನ ಪುಡಿ ಸೀದಾ ಬಂದು ಕೂರುತ್ತದೆ. ಆ ಕಚೇರಿಯ ಪ್ಲಾಟರ್‌ನಲ್ಲಿ ಈ ಕೆಲಸ ಮಾಡುತ್ತಿದ್ದದ್ದು ಟೋನರ್ ಹರಿಯುವ ಲೋಹದ ತಟ್ಟೆ. ಅದನ್ನು ಹಿಡಿದಿದ್ದ ಒಂದು ತಿರುಪು ಸಡಿಲವಾಗಿ ತಟ್ಟೆ ಒಂದಿಷ್ಟು ಕೆಳಗೆ ಸರಿದಿತ್ತು. ತಿರುಪು ಬಿಗಿ ಮಾಡಿದೆವು. ಮೊದಲಿನ ಟೋನರ್‌ನಲ್ಲೇ ಚೌಕಗಳು ಕಪ್ಪಾದವು.

ಇದೇ ಅಂಚಿನ ಗುಣ ವೈದ್ಯರಿಗೆ ಉಪಕಾರವನ್ನೂ ಮಾಡಿದೆ. 1970ರ ದಶಕದಲ್ಲಿ ಸೆಲೆನಿಯಂ ತಟ್ಟೆಯ ಮೇಲೆ ಎಕ್ಸ್-ರೇ ಬಿಟ್ಟು, ನೀಲಿ ಪುಡಿಯಲ್ಲಿ ಸ್ತನದ ಚಿತ್ರ ತೆಗೆಯುತ್ತಿದ್ದರು. ಅಂಚುಗಳು ಎದ್ದು ಕಾಣುತ್ತಿದ್ದರಿಂದ ಸಣ್ಣ ಸುಣ್ಣದ ಕಣಗಳು ಕಣ್ಣಿಗೆ ಬೀಳುತ್ತಿದ್ದವು. ನಮ್ಮ ಪಾಲಿಗೆ ದೋಷವಾದದ್ದು ಅಲ್ಲಿ ರೋಗದ ಸುಳಿವು ಕೊಡುತ್ತಿತ್ತು. ಇದು ನೆನಪಾದಾಗಲೆಲ್ಲ ನನಗೆ ಈ ವಿದ್ಯೆಯ ಮೇಲೆ ಪ್ರೀತಿ ಇನ್ನಷ್ಟು ಹೆಚ್ಚುತ್ತದೆ.

ಲೇಸರ್ ಪ್ರಿಂಟರ್‌ನಲ್ಲಿ ಇನ್ನೊಂದು ತಿರುವು ಇದೆ. ಹಳೆಯ ಕಾಪಿಯರ್‌ನಲ್ಲಿ ಬೆಳಕು ಬೀಳದೆ ಚಾರ್ಜ್ ಉಳಿದ ಕಡೆ ಪುಡಿ ಕೂರುತ್ತಿತ್ತು. ಮೂಲ ಪ್ರತಿಯ ಬಿಳಿ ಭಾಗದಿಂದ ಬಂದ ಬೆಳಕು ಚಾರ್ಜನ್ನು ಅಳಿಸುತ್ತಿತ್ತು. ಲೇಸರ್ ಪ್ರಿಂಟರ್‌ನಲ್ಲಿ ಇದು ಸಾಮಾನ್ಯವಾಗಿ ತಿರುವುಮುರುವು. ಡ್ರಮ್ಮಿಗೆ ಮೊದಲು ಸುಮಾರು ಮೈನಸ್ 600 ವೋಲ್ಟ್ ಬರುವಂತೆ ಚಾರ್ಜ್ ಕೊಡುತ್ತಾರೆ. ಲೇಸರ್ ಬಿದ್ದ ಕಡೆ ಅದು ಮೈನಸ್ 100ರ ಆಸುಪಾಸಿಗೆ ಇಳಿಯುತ್ತದೆ. ಟೋನರ್‌ನಲ್ಲೂ ಮೈನಸ್ ಚಾರ್ಜ್ ಇರುತ್ತದೆ. ಟೋನರ್ ಹೊತ್ತ ರೋಲರ್ ಇವೆರಡರ ನಡುವಿನ ಒಂದು ವೋಲ್ಟೇಜಿನಲ್ಲಿ ನಿಂತಿರುತ್ತದೆ. ಹಾಗಾಗಿ ಪುಡಿ ಲೇಸರ್ ಮುಟ್ಟಿದ ಜಾಗಕ್ಕೆ ಹಾರುತ್ತದೆ, ಉಳಿದ ಕಡೆಯಿಂದ ದೂರ ನಿಲ್ಲುತ್ತದೆ.

ಇದು ತಲೆಯಲ್ಲಿದ್ದರೆ ಹಾಳೆ ತಾನೇ ಮಾತಾಡುತ್ತದೆ. ಲೇಸರ್ ಪ್ರಿಂಟರ್‌ನಿಂದ ಇಡೀ ಹಾಳೆ ಕಪ್ಪಾಗಿ ಬಂತೇ? ಟೋನರ್ ಜಾಸ್ತಿ ಆಗಿದೆ ಎಂದುಕೊಳ್ಳಬೇಡಿ. ಮೊದಲು ಚಾರ್ಜ್ ಕೊಡುವ ರೋಲರನ್ನೂ ಅದರ ಸಂಪರ್ಕವನ್ನೂ ಅನುಮಾನಿಸಿ. ಚಾರ್ಜೇ ಇಲ್ಲದ ಡ್ರಮ್, ಪೂರ್ತಿ ಲೇಸರ್ ಬಿದ್ದ ಡ್ರಮ್ಮಿನಂತೆಯೇ ವರ್ತಿಸುತ್ತದೆ. ಹಳೆಯ ಕಾಪಿಯರ್‌ನಲ್ಲಿ ಇದೇ ದೋಷ ಆದರೆ ಹಾಳೆ ಬೆಳ್ಳಗೆ ಬರುತ್ತಿತ್ತು. ಅಲ್ಲಿ ಪೂರ್ತಿ ಕಪ್ಪು ಬಂದರೆ ದೀಪ ಹೋಗಿದೆ ಎಂದು ಅರ್ಥ. ಬಿಳಿ ಜಾಗದಲ್ಲಿ ತೆಳು ಬೂದು ಮಂಜು ಕಂಡರೆ ಡ್ರಮ್ ಚಾರ್ಜನ್ನು ಪೂರ್ತಿ ಹಿಡಿಯುತ್ತಿಲ್ಲ, ಇಲ್ಲವೇ ಟೋನರ್‌ಗೆ ಸರಿಯಾದ ಚಾರ್ಜ್ ಸಿಗುತ್ತಿಲ್ಲ.

ಒಂದೇ ಕಲೆ ಸಮ ಅಂತರದಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಸ್ಕೇಲ್ ತೆಗೆದು ಅಳೆಯಿರಿ. 94 ಮಿಲಿಮೀಟರಿಗೊಮ್ಮೆ ಬಂದರೆ 30 ಮಿಲಿಮೀಟರ್ ವ್ಯಾಸದ ಯಾವುದೋ ಸುತ್ತುವ ಭಾಗ ಕಾರಣ. ಅದು ಎಷ್ಟೋ ಯಂತ್ರಗಳಲ್ಲಿ ಡ್ರಮ್ಮೇ ಆಗಿರುತ್ತದೆ. ಅಂತರ ಇನ್ನೂ ಚಿಕ್ಕದಾಗಿದ್ದರೆ ಸಣ್ಣ ರೋಲರ್‌ಗಳನ್ನು ನೋಡಿ.

ದೋಷ ಯಾವ ಹಂತದಲ್ಲಿದೆ ಎಂದು ಹಿಡಿಯಲು ನಾನು ಜಾಸ್ತಿ ನಂಬುವುದು ಅರ್ಧದಲ್ಲಿ ನಿಲ್ಲಿಸುವ ಪರೀಕ್ಷೆಯನ್ನು. ಹಾಳೆ ಒಳಗೆ ಅರ್ಧ ದಾರಿಯಲ್ಲಿದ್ದಾಗ ಯಂತ್ರವನ್ನು ಆಫ್ ಮಾಡಿ, ಪ್ಲಗ್ ಕಿತ್ತು, ಡ್ರಮ್ ನೋಡಿ. ಡ್ರಮ್ ಮೇಲೆ ಪುಡಿಯ ಚಿತ್ರ ಚೆನ್ನಾಗಿದ್ದು ಕಾಗದದ ಮೇಲೆ ಕೆಟ್ಟಿದ್ದರೆ, ತಪ್ಪು ಪುಡಿಯನ್ನು ಕಾಗದಕ್ಕೆ ಇಳಿಸುವ ಹಂತದಲ್ಲಿದೆ. ಡ್ರಮ್ ಮೇಲೇ ಕೆಟ್ಟಿದ್ದರೆ ಹಿಂದಕ್ಕೆ ಹೋಗಿ ಲೇಸರ್, ಚಾರ್ಜ್ ಮತ್ತು ಟೋನರ್ ರೋಲರ್ ನೋಡಬೇಕು. ಈ ಪರೀಕ್ಷೆ ಮಾಡುವಾಗ ಎರಡು ಎಚ್ಚರ ಇರಲಿ. ಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಫ್ಯೂಸರ್ ಸುಡುವಷ್ಟು ಬಿಸಿ ಇರುತ್ತದೆ, ಹತ್ತಿರ ಕೈ ಹಾಕಬೇಡಿ. ಡ್ರಮ್ಮನ್ನು ಬೆರಳಿಂದ ಮುಟ್ಟಬೇಡಿ, ಬೆಳಕಿನಲ್ಲಿ ಸುಮ್ನೆ ಬಿಡಬೇಡಿ. ನೋಡಿದ ಕೂಡಲೇ ಕಪ್ಪು ಬಟ್ಟೆ ಮುಚ್ಚಿ.

ಪುಡಿಯನ್ನು ಕಾಗದಕ್ಕೆ ಇಳಿಸುವ ಹಂತದ ತಪ್ಪಿಗೆ ಎಷ್ಟೋ ಸಲ ಕಾರಣ ಕಾಗದವೇ. ಕಾಗದದ ಹಿಂಬದಿಗೆ ಚಾರ್ಜ್ ಕೊಟ್ಟು ಡ್ರಮ್ ಮೇಲಿನ ಪುಡಿಯನ್ನು ಎಳೆಯುತ್ತಾರೆ. ಒದ್ದೆ ಗಾಳಿ ಕುಡಿದ ಕಾಗದ ಆ ಚಾರ್ಜನ್ನು ಹಿಡಿದಿಡದೆ ಹರಿಯಬಿಡುತ್ತದೆ. ಪುಡಿ ಅರ್ಧ ಡ್ರಮ್ ಮೇಲೇ ಉಳಿದು, ಅಕ್ಷರ ಮಚ್ಚೆ ಮಚ್ಚೆಯಾಗಿ ಬರುತ್ತದೆ. ಆಗ ಬಿಚ್ಚಿಟ್ಟ ಹಾಳೆಗಳನ್ನು ತೆಗೆದು ಹೊಸ ಕಟ್ಟಿನಿಂದ ನಾಲ್ಕು ಹಾಳೆ ಹಾಕಿ ನೋಡಿ. ಅವು ಚೆನ್ನಾಗಿ ಬಂದರೆ ಯಂತ್ರ ಬಿಚ್ಚುವ ಅಗತ್ಯವೇ ಇಲ್ಲ. ಉಳಿದ ಹಾಳೆಗಳನ್ನು ಅದೇ ಹೊದಿಕೆಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ ಎತ್ತರದಲ್ಲಿಡಿ.