ಸೂರ್ಯನ್ನ ನೋಡೋಕೆ 4 ಮೀಟರ್ ಕನ್ನಡಿ ಯಾಕೆ ಬೇಕಾಯ್ತು?

ಚಿಕ್ಕೋರಿದ್ದಾಗ ಭೂತಗನ್ನಡಿ ಹಿಡ್ಕೊಂಡು ಬಿಸಿಲಲ್ಲಿ ಪೇಪರ್ ಸುಟ್ಟಿರೋರಿಗೆಲ್ಲ ಗೊತ್ತು, ಹೊಗೆ ಬರ್ಸೋಕೆ ಅಂಗೈಯಷ್ಟು ಗಾಜು ಸಾಕು. ಅದೇ ಆಟನ 4 ಮೀಟರ್ ಅಗಲದ ಕನ್ನಡಿ ಇಟ್ಕೊಂಡು ಆಡ್ತಿದ್ದಾರೆ, ಹವಾಯಿಯ ಮಾವಿ ದ್ವೀಪದಲ್ಲಿ, ಹಲೆಯಕಲಾ ಅನ್ನೋ ಬೆಟ್ಟದ ತುದೀಲಿ. ಇನೊಯೆ ಸೋಲಾರ್ ಟೆಲಿಸ್ಕೋಪ್ ಅಂತ ಹೆಸರು, ಸೂರ್ಯನ್ನ ನೋಡೋಕೇ ಕಟ್ಟಿರೋ ಟೆಲಿಸ್ಕೋಪ್‌ಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಆ ಕನ್ನಡಿ ಮೇಲೆ ಬೀಳೋ ಶಾಖ ಸುಮಾರು 13 ಕಿಲೋವ್ಯಾಟ್, ಬಚ್ಚಲುಮನೆ ಗೀಸರ್‌ಗಳನ್ನ ಐದಾರು ಒಟ್ಟಿಗೆ ಆನ್ ಮಾಡಿದಷ್ಟು, ಅದೆಲ್ಲ ಹೋಗಿ ಸೇರೋದು ಒಂದು ಪುಟ್ಟ ಜಾಗಕ್ಕೆ.

ರಾತ್ರಿ ನಕ್ಷತ್ರ ನೋಡೋರು ದೊಡ್ಡ ಕನ್ನಡಿ ಕೇಳ್ತಾರೆ ಅಂದ್ರೆ ಅರ್ಥ ಆಗತ್ತೆ, ಅವ್ರಿಗೆ ಬೆಳಕಿಗೇ ಬರ. ಬೆಳಕು ಚೆಲ್ಲಿ ಹೋಗೋ ಅಷ್ಟಿರೋ ಸೂರ್ಯನಿಗೆ ಯಾಕಪ್ಪಾ ಇಷ್ಟು ದೊಡ್ಡದು? ಇದಕ್ಕೆ ಬರ್ತೀನಿ, ಮೊದಲು ಬಿಸಿ ಜೊತೆ ನೂರಿಪ್ಪತ್ತು ವರ್ಷದಿಂದ ನಡೀತಿರೋ ಜಗಳದ ಕಥೆ.

ಏಪ್ರಿಲ್ ಮಧ್ಯಾಹ್ನ ಟಾರ್ ರೋಡಲ್ಲಿ ದೂರಕ್ಕೆ ನೋಡಿ, ಗಾಳಿ ನೀರಿನ ಥರ ಅಲುಗಾಡ್ತಿರತ್ತೆ, ಬಿಸಿಲ್ಗುದುರೆ. ಆ ಅಲುಗಾಟದ ಮೂಲಕ ಸೂರ್ಯನ ಸೂಕ್ಷ್ಮ ಚಿತ್ರ ತೆಗೀಬೇಕು ಅಂದ್ರೆ ಹೇಗೆ? ರಾತ್ರಿಯೋರಿಗೆ ನೆಲ ತಣ್ಣಗಾದ್ಮೇಲೆ ಕೆಲಸ ಶುರು, ಸೂರ್ಯನ್ನ ನೋಡೋರಿಗೆ ಆ ಭಾಗ್ಯ ಇಲ್ಲ. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ ಖಗೋಳವಿಜ್ಞಾನಿ ಜಾರ್ಜ್ ಎಲರಿ ಹೇಲ್‌ಗೆ ಇದೇ ತಲೆನೋವು. ಮೊದಲು ನೆಲದ ಹತ್ರಾನೇ ಅಡ್ಡಡ್ಡ ಮಲಗಿರೋ ಟೆಲಿಸ್ಕೋಪ್ ಇಟ್ರು, ಬಿಸಿಲೇರಿದ ಹಾಗೆ ಚಿತ್ರ ಕಲಸಿಹೋಗ್ತಿತ್ತು, ಅದಕ್ಕೆ 1908ರಲ್ಲಿ 60 ಅಡಿ ಗೋಪುರ ಎಬ್ಬಿಸಿ ಕನ್ನಡಿಗಳನ್ನ ಅದರ ತಲೆ ಮೇಲೆ ಕೂರಿಸಿದ್ರು. ಅದೇ ವರ್ಷ ಹೇಲ್ ಸೂರ್ಯನ ಮೈಮೇಲಿನ ಕಪ್ಪು ಕಲೆಗಳಲ್ಲಿ ಕಾಂತಶಕ್ತಿ ಇದೆ ಅಂತ ತೋರಿಸಿಬಿಟ್ಟ, 1912ಕ್ಕೆ 150 ಅಡಿದು ಇನ್ನೊಂದು ಎದ್ದು ನಿಂತಿತು.

ನಮ್ಮ ಕಡೆ ಕಥೆ ಶುರುವಾಗೋದು ಹಸಿವಿಂದ. 1876ರ ಧಾತು ಸಂವತ್ಸರದ ಬರ ಮದ್ರಾಸ್ ಪ್ರಾಂತ್ಯ, ಮೈಸೂರು ಸೀಮೆ ಎರಡರಲ್ಲೂ ಲಕ್ಷಗಟ್ಟಲೆ ಜನರನ್ನ ಬಲಿ ತಗೊಂಡಿತು. ಮಳೆ ಕೈಕೊಡೋದಕ್ಕೂ ಸೂರ್ಯನ ಕಲೆಗಳಿಗೂ ನಂಟಿರಬಹುದಾ ಅನ್ನೋ ಯೋಚನೆ ಆಗ ಜೋರಾಗಿತ್ತು, ಆ ಒತ್ತಾಯವೂ ಸೇರಿ 1899ರಲ್ಲಿ ಕೊಡೈಕನಾಲ್ ವೀಕ್ಷಣಾಲಯ ಆಯ್ತು. ಮಳೆ ಭವಿಷ್ಯ ಸಿಗ್ಲಿಲ್ಲ ಬಿಡಿ, ಆದ್ರೆ 1909ರ ಜನವರೀಲಿ ಅಲ್ಲೇ ಜಾನ್ ಎವರ್‌ಶೆಡ್ ಸೂರ್ಯನ ಕಲೆಯ ಮಧ್ಯದಿಂದ ಹೊರಗಡೆಗೆ ಅನಿಲ ಹರೀತಿರೋದನ್ನ ಕಂಡುಹಿಡಿದ, ಇವತ್ತಿಗೂ ಅದು ಎವರ್‌ಶೆಡ್ ಎಫೆಕ್ಟ್ ಅಂತಾನೇ ಪಾಠದಲ್ಲಿ ಬರತ್ತೆ. 1960ರ ಹೊತ್ತಿಗೆ ಅಲ್ಲಿಗೆ ಸುರಂಗದ ಟೆಲಿಸ್ಕೋಪ್ ಬಂತು. 11 ಮೀಟರ್ ಗೋಪುರದ ಮೇಲಿರೋ ಕನ್ನಡಿ ಸೂರ್ಯನ ಹಿಂದೆ ತಿರುಗ್ತಾ ಬೆಳಕನ್ನ ಕೆಳಗೆ ಕಳಿಸತ್ತೆ, ಅದು 60 ಮೀಟರ್ ಉದ್ದದ ಸುರಂಗದೊಳಗೆ ಹೋಗತ್ತೆ, 38 ಸೆಂಟಿಮೀಟರ್ ಲೆನ್ಸ್ ದಾಟಿ ಆ ಕಡೆ ಮೊರದಷ್ಟಗಲ ಸೂರ್ಯ ಮೂಡ್ತಾನೆ. ನೆಲದೊಳಗೆ ತಂಪು, ಗಾಳಿ ಕದಲಲ್ಲ, ನಮ್ಮ ಅಜ್ಜಿಯಂದಿರು ಮಣ್ಣಿನ ಗಡಿಗೆ ಮೂಲೇಲಿಟ್ಟು ನೀರು ತಣ್ಣಗೆ ಇಟ್ಕೊಳ್ತಿದ್ದ ಬುದ್ಧಿನೇ ಇದೂ ಅಂತ ನಂಗನ್ಸತ್ತೆ.

ಅಮೆರಿಕದವರು ಇದನ್ನೇ ದೊಡ್ಡದಾಗಿ ಮಾಡಿದ್ರು, 1962ರಲ್ಲಿ ಅರಿಜೋನಾದ ಕಿಟ್ ಪೀಕ್ ಮೇಲೆ 1.6 ಮೀಟರ್ ಕನ್ನಡಿ, ಓರೆಯಾಗಿ ಭೂಮಿಯೊಳಕ್ಕೆ ಇಳಿಯೋ ಕೊಳವೆ. ಆಮೇಲೆ ಯಾರಿಗೋ ಹೊಳೀತು, ಗಾಳಿನೇ ತೊಂದ್ರೆ ಅಂದ್ರೆ ಗಾಳಿನೇ ತೆಗೆದುಬಿಟ್ರೆ? 1969ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಕಟ್ಟಿದ ಟೆಲಿಸ್ಕೋಪ್‌ನ ಕೊಳವೆ ಪೂರ್ತಿ ನಿರ್ವಾತ, ಅಷ್ಟುದ್ದ ಕೊಳವೆ ಪಾದರಸದ ಬೇರಿಂಗಿಂದ ನೇತಾಡ್ಕೊಂಡೇ ತಿರುಗತ್ತೆ. ಐಡಿಯಾ ಸೂಪರ್, ಆದ್ರೆ ನಿರ್ವಾತಕ್ಕೆ ಗಾಜಿನ ಮುಚ್ಚಳ ಬೇಕಲ್ಲ. ಹೊರಗಿನ ಗಾಳಿ ಒತ್ತೋ ಒತ್ತಡಕ್ಕೆ ಗಾಜು ಬಾಗತ್ತೆ, ಅದನ್ನ ತಡ್ಕೊಳ್ಳೋ ಹಾಗೆ ದಪ್ಪ ಮಾಡಿದ್ರೆ ಬೇರೆ ಕಾಟ. 2002ರಲ್ಲಿ ಸ್ಪೇನಿನ ಲಾ ಪಾಲ್ಮಾ ದ್ವೀಪದ ಸ್ವೀಡಿಷ್ ಟೆಲಿಸ್ಕೋಪ್ 1 ಮೀಟರ್ ಲೆನ್ಸನ್ನೇ ಮುಚ್ಚಳ ಮಾಡ್ಕೊಂಡು ಅದ್ಭುತ ಚಿತ್ರ ಕೊಡ್ತು, ಆ ದಾರಿ ಹೆಚ್ಚುಕಮ್ಮಿ ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ಅದೇ ದ್ವೀಪದಲ್ಲಿ ಡಚ್ಚರು ಪೂರ್ತಿ ಉಲ್ಟಾ ಮಾಡಿದ್ರು. ಕೊಳವೆನೂ ಇಲ್ಲ ಗೋಡೆನೂ ಇಲ್ಲ, ಟೆಲಿಸ್ಕೋಪ್ ಬಯಲಲ್ಲಿ ನಿಂತಿರತ್ತೆ, ಬೀಸೋ ಗಾಳಿನೇ ಬಿಸೀನ ಹೊತ್ಕೊಂಡು ಹೋಗ್ಲಿ ಅಂತ, ಅದು ಕೆಲಸ ಮಾಡ್ತು! ಕೆರೆ ದಂಡೆ ಹುಡುಕೋದೂ ಇದೇ ಲೆಕ್ಕಕ್ಕೆ, ನೀರು ನೆಲದಷ್ಟು ಬೇಗ ಕಾಯಲ್ಲ. ಉದಯಪುರದ ಫತೇಸಾಗರ್ ನಡುಗಡ್ಡೇಲಿ ನಮ್ಮ ವೀಕ್ಷಣಾಲಯ ಇದೆ, ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಕೆರೇಲಿ 1.6 ಮೀಟರ್‌ದು ಇದೆ. ಇದರ ಜೊತೆ ಅಡಾಪ್ಟಿವ್ ಆಪ್ಟಿಕ್ಸ್ ಬಂತು, ಗಾಳಿ ಎಷ್ಟು ಅಲುಗಾಡ್ಸತ್ತೋ ಅಷ್ಟೇ ಉಲ್ಟಾ ಬಗ್ಗೋ ತೆಳು ಕನ್ನಡಿ, ಸೆಕೆಂಡಿಗೆ ನೂರಾರು ಸಾವಿರಾರು ಸಲ. ಇದು ಬಂದ್ಮೇಲೆನೇ ದೊಡ್ಡ ಕನ್ನಡಿಗೆ ದುಡ್ಡು ಹಾಕೋದಕ್ಕೆ ಅರ್ಥ ಬಂದಿದ್ದು.

ಈಗ ಆ ಪ್ರಶ್ನೆ. ಕನ್ನಡಿ ಅಗಲ ಆದಷ್ಟೂ ಸಣ್ಣ ವಿವರ ಕಾಣತ್ತೆ, ಇನೊಯೆಗೆ ಸೂರ್ಯನ ಮೇಲಿನ 30 ಕಿಲೋಮೀಟರಿನಷ್ಟು ಸಣ್ಣದೂ ಕಾಣತ್ತೆ, 2020ರ ಜನವರೀಲಿ ಬಿಟ್ಟ ಮೊದಲ ಚಿತ್ರ ನೆನಪಿರಬೇಕಲ್ಲ, ಥೇಟ್ ಕಡ್ಲೆ ಮಿಠಾಯಿ ಥರ, ಒಂದೊಂದು ಕಾಳೂ ಸಾವಿರ ಕಿಲೋಮೀಟರ್ ಲೆಕ್ಕದಲ್ಲಿ. ಇನ್ನೊಂದು ಕಾರಣ ಯಾರೂ ಅಷ್ಟು ಹೇಳಲ್ಲ: ಅಷ್ಟು ಚೂರು ಜಾಗದ ಬೆಳಕನ್ನ ಬಣ್ಣ ಬಣ್ಣವಾಗಿ ಸೀಳಿ, ಅದರಲ್ಲಿ ಕಾಂತಶಕ್ತಿಯ ಗುರುತು ಹುಡುಕೋಕೆ ಹೋದ್ರೆ ಸೂರ್ಯನ ಬೆಳಕೂ ಸಾಲಲ್ಲ, ಕಾಯ್ತಾ ಕೂತ್ರೆ ಅಷ್ಟರಲ್ಲಿ ದೃಶ್ಯಾನೇ ಬದಲಾಗಿರತ್ತೆ. ಆದಿತ್ಯ ಎಲ್‌1 ಇದೆಯಲ್ಲ ಅಂತೀರಾ, ಬಾಹ್ಯಾಕಾಶದಲ್ಲಿರೋ ಅದರ ಕೊರೊನಾ (ಸೂರ್ಯನ ಹೊರಗಿನ ಪದರ) ನೋಡೋ ಉಪಕರಣದ ಕನ್ನಡಿ ಸುಮಾರು 20 ಸೆಂಟಿಮೀಟರ್, 4 ಮೀಟರ್‌ದನ್ನ ಅಲ್ಲಿಗೆ ಹೊತ್ಕೊಂಡು ಹೋಗೋದು ಸದ್ಯಕ್ಕೆ ಆಗದ ಮಾತು.

ಇನೊಯೆನ ತಂಪಾಗಿಡೋಕೆ ಹಲೆಯಕಲಾದಲ್ಲಿ ರಾತ್ರಿಯೆಲ್ಲ ಐಸ್ ಮಾಡಿಟ್ಟು ಹಗಲು ಅದರ ತಂಪನ್ನ ಕಿಲೋಮೀಟರ್‌ಗಟ್ಟಲೆ ಪೈಪಲ್ಲಿ ಓಡಿಸ್ತಾರೆ. ಆದ್ರೆ ಆ ಬೆಟ್ಟ ಖಾಲಿ ಜಾಗ ಆಗಿರ್ಲಿಲ್ಲ. ಹಲೆಯಕಲಾ ಅಂದ್ರೆ ಸೂರ್ಯನ ಮನೆ, ತಾಯಿ ನೆನೆಹಾಕಿದ ಬಟ್ಟೆ ಒಣಗೋಕೆ ಹೊತ್ತು ಸಾಲ್ದು ಅಂತ ಮಾವಿ ಅನ್ನೋ ವೀರ ಸೂರ್ಯನಿಗೆ ಹಗ್ಗ ಹಾಕಿ ನಿಧಾನ ಮಾಡಿಸಿದ್ದು ಅಲ್ಲೇ ಅಂತ ಅಲ್ಲಿಯವರ ಕಥೆ. ಅವ್ರಿಗೆ ಅದು ಪವಿತ್ರ ಜಾಗ, 2015ರಲ್ಲಿ ಟೆಲಿಸ್ಕೋಪ್ ಸಾಮಾನಿನ ಟ್ರಕ್‌ಗಳಿಗೆ ಅಡ್ಡ ಮಲಗಿ ಕೆಲವರು ಅರೆಸ್ಟ್ ಆದ್ರು. ಚಿತ್ರ ನೋಡಿ ವಾವ್ ಅನ್ನೋವಾಗ ಇದೂ ನೆನಪಾಗ್ಬೇಕು ಅನ್ನೋದು ನನ್ನ ಅಭಿಪ್ರಾಯ.

ನಮ್ಮದೂ ಒಂದಿದೆ, ಕಾಗದದ ಮೇಲೆ. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ (ಕೊಡೈಕನಾಲ್ ವೀಕ್ಷಣಾಲಯ ಇವರದ್ದೇ) ಸುಮಾರು ಎರಡು ದಶಕದಿಂದ 2 ಮೀಟರ್ ಸೌರ ಟೆಲಿಸ್ಕೋಪ್ ಬೇಕು ಅಂತಿದೆ. ಲಡಾಖ್‌ನ ಹಾನ್ಲೆ, ಉತ್ತರಾಖಂಡದ ದೇವಸ್ಥಲ ಎಲ್ಲ ನೋಡಿ, ಕೊನೆಗೆ ಮೆಚ್ಚಿದ್ದು ಲಡಾಖ್‌ನ ಪ್ಯಾಂಗಾಂಗ್ ಸರೋವರದ ದಂಡೆಯ ಮೆರಾಕ್, 4,200 ಮೀಟರ್‌ಗೂ ಎತ್ತರ, ಒಣ ಗಾಳಿ, ಪಕ್ಕದಲ್ಲೇ ತಣ್ಣನೆ ನೀರು, ಅದೇ ಕೆರೆ ಲೆಕ್ಕ. ಯೋಚನೆ ಬಂದಾಗ್ಲೇ ಕಟ್ಟಿದ್ದಿದ್ರೆ ಜಗತ್ತಲ್ಲೇ ದೊಡ್ಡದಾಗ್ತಿತ್ತು, ಆಗ ಇದ್ದಿದ್ದೆಲ್ಲ 1.6 ಮೀಟರ್ ಒಳಗಿಂದು. ಜಾಗ ಬೇರೆ ಚೀನಾ ಗಡಿಗೆ ಹತ್ರ, 2020ರಲ್ಲಿ ಎರಡೂ ಕಡೆ ಸೇನೆ ಎದುರುಬದುರು ನಿಂತಿದ್ದು ಇದೇ ಸರೋವರದ ದಂಡೇಲಿ. ಅಲ್ಲಿ ಕನ್ನಡಿ ಕೂರೋವರೆಗೂ ಕೊಡೈನ ಸುರಂಗಾನೇ ಗತಿ, ಬೆಳಿಗ್ಗೆ ಮೋಡ ಇಲ್ದಿದ್ರೆ ಬೆಳಕು ಇಳಿಯತ್ತೆ.